ರಸ್ತೆಯನ್ನು ಎತ್ತರಿಸುವುದಕ್ಕಿಂತ ನೀರಿಗೆ ದಾರಿ ಬಿಡುವುದು ಮೇಲು



ಮಳೆಗಾಲ ಮುಗಿಯುತ್ತಲೇ ನಮ್ಮ ಗ್ರಾಮ ಸಭೆಗಳಲ್ಲಿ ತಪ್ಪದೆ ಕೇಳಿಬರುವ ಬೇಡಿಕೆಯೊಂದಿದೆ. "ನಮ್ಮೂರ ರಸ್ತೆ ನೀರಿನಲ್ಲಿ ಮುಳುಗುತ್ತದೆ, ಅದನ್ನು ಎತ್ತರಿಸಿ ಕೊಡಿ" ಎಂಬುದೇ ಆ ಬೇಡಿಕೆ. ಬೇಡಿಕೆ ಸಹಜವಾದದ್ದು. ಆದರೆ ಮಣ್ಣು ಸುರಿದು ರಸ್ತೆಯನ್ನು ಎತ್ತರಿಸಿದ ಮಾತ್ರಕ್ಕೆ ಅದು ನೆರೆಯಿಂದ ಉಳಿಯುವುದೆಂದು ತಿಳಿಯುವುದು ಸರಿಯಲ್ಲ. ಎಷ್ಟೋ ಕಡೆ ಹಾಗೆ ಎತ್ತರಿಸಿದ ರಸ್ತೆಯೇ ಒಡ್ಡಿನಂತೆ ನಿಂತು ಹೊಲವನ್ನೂ ಕೆಡಿಸುತ್ತದೆ, ಕೊನೆಗೆ ತಾನೂ ಒಡೆದು ಹೋಗುತ್ತದೆ. ನೀವು ಕೇಳಬೇಕಾದದ್ದು ಎತ್ತರವನ್ನಲ್ಲ, ನೀರಿಗೆ ದಾರಿಯನ್ನು. ಆ ದಾರಿಯನ್ನು ಕಾಯುವ ಹೊಣೆಯಲ್ಲಿ ನಿಮ್ಮದೂ ದೊಡ್ಡ ಪಾಲಿದೆ. ಇದು ಎಲ್ಲರಿಗೂ ಹಿಡಿಸುವ ಮಾತಲ್ಲ. ಆದರೂ ಓದಿ ಆಲೋಚಿಸಿರಿ.

ದಾರಿ ಕೆಟ್ಟರೆ ಬೆಳೆ ಕೆಟ್ಟಂತೆ

ರಸ್ತೆಯ ಮಾತು ಬೇಸಾಯದ ಮಾಸಪತ್ರಿಕೆಗೆ ಏಕೆ ಎಂದು ಕೆಲವರು ಕೇಳಬಹುದು. ಬೆಳೆ ಹೊಲದಲ್ಲಿ ಬೆಳೆದರೂ ಅದಕ್ಕೆ ಬೆಲೆ ಬರುವುದು ಪೇಟೆಯಲ್ಲಿ. ಡೇರಿಗೆ ಬೆಳಿಗ್ಗೆ ಹಾಗೂ ಸಂಜೆ ಹಾಲು ಹೋಗಬೇಕು. ಒಂದು ಹೊತ್ತು ತಪ್ಪಿದರೆ ಆ ಹಾಲು ಮನೆಯಲ್ಲೇ ಉಳಿಯುತ್ತದೆ. ಟೊಮ್ಯಾಟೊ, ಸೊಪ್ಪು, ಹೂವು ಎರಡು ದಿನ ಕಾಯುವುದಿಲ್ಲ. ಕಡಿದ ಕಬ್ಬು ದಿನ ಕಳೆದಂತೆ ತೂಕವನ್ನೂ ಸಕ್ಕರೆಯನ್ನೂ ಕಳೆದುಕೊಳ್ಳುತ್ತದೆ. ರಸಗೊಬ್ಬರ ದೂರದ ಕಾರ್ಖಾನೆ ಮತ್ತು ಬಂದರುಗಳಿಂದ ಗೂಡ್ಸ್ ರೈಲಿನಲ್ಲಿಯೇ ಬಹುಪಾಲು ಬರುತ್ತದೆ. ಹಳಿ ಕಿತ್ತುಹೋಗಿ ರೇಕು ನಿಂತರೆ ಮೇಲುಗೊಬ್ಬರ ಕೊಡುವ ಹದ ತಪ್ಪುತ್ತದೆ. ನೆರೆಯಲ್ಲಿ ಬೆಳೆ ಕಳೆದುಕೊಂಡವನಿಗಷ್ಟೇ ನಷ್ಟ ಎಂದು ತಿಳಿಯಬಾರದು. ಬೆಳೆ ಉಳಿಸಿಕೊಂಡೂ ದಾರಿ ಕಳೆದುಕೊಂಡವನ ನಷ್ಟವೂ ಅಷ್ಟೇ ದೊಡ್ಡದು.

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳನ್ನು ಉತ್ತರ ಕರ್ನಾಟಕದ ರೈತರು ಮರೆತಿಲ್ಲ. ಬರಕ್ಕೆ ಹೆಸರಾದ ಜಿಲ್ಲೆಗಳ ಮೇಲೆ ಕೆಲವೇ ದಿನಗಳಲ್ಲಿ ಸುರಿದ ಮಳೆಗೆ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಊರಿಗೆ ಊರೇ ರಸ್ತೆ ಸಂಪರ್ಕ ಕಡಿದುಕೊಂಡು ಕುಳಿತವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದಾಗ ಪುಣೆ–ಬೆಂಗಳೂರು ಹೆದ್ದಾರಿಯೇ ಕೊಲ್ಹಾಪುರದ ಭಾಗದಲ್ಲಿ ನೀರಿನಡಿ ಸೇರಿ, ಲಾರಿಗಳು ದಿನಗಟ್ಟಲೆ ಸಾಲುಗಟ್ಟಿ ನಿಂತವು. ರಾಷ್ಟ್ರೀಯ ಹೆದ್ದಾರಿಯ ಪಾಡೇ ಹೀಗಾದರೆ ಹಳ್ಳಿಯ ರಸ್ತೆಯ ಪಾಡನ್ನು ಹೇಳಬೇಕಾದುದಿಲ್ಲ.

ನೀರು ರಸ್ತೆಯನ್ನು ಕೆಡಿಸುವ ಬಗೆ

ರಸ್ತೆಯ ಬಲ ಡಾಂಬರಿನಲ್ಲಿದೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಡಾಂಬರು ರಸ್ತೆಯ ಮೇಲಿನ ಚರ್ಮ ಮಾತ್ರ. ಭಾರವನ್ನು ಹೊರುವುದು ಅದರ ಕೆಳಗಿನ ಜಲ್ಲಿ, ಗರಸು ಮತ್ತು ಎಲ್ಲಕ್ಕಿಂತ ಕೆಳಗಿನ ಮಣ್ಣು. ಮಣ್ಣು ಒಣಗಿದ್ದಾಗ ಕಲ್ಲಿನಂತೆ ನಿಲ್ಲುತ್ತದೆ. ನೆನೆದಾಗ ಕಣಗಳ ನಡುವಿನ ಹಿಡಿತ ಸಡಿಲಗೊಳ್ಳುತ್ತದೆ. ಈ ಕಾರಣದಿಂದಲೇ ಎಂಜಿನಿಯರರು ರಸ್ತೆಯ ದಪ್ಪವನ್ನು ನಿರ್ಧರಿಸುವ ಮೊದಲು ಮಣ್ಣಿನ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿ ಅದರ ಬಲವನ್ನು ಅಳೆಯುತ್ತಾರೆ. ಎರೆಮಣ್ಣಿನ ಗುಣ ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದಾಗ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ. ಉಬ್ಬುವ ಕುಗ್ಗುವ ಇಂಥ ನೆಲದ ಮೇಲೆ ಕುಳಿತ ರಸ್ತೆ ಅಲೆಅಲೆಯಾಗಿ ಏಳುವುದು, ಉದ್ದಕ್ಕೂ ಬಿರಿಯುವುದು ಸಹಜ. ಆ ಬಿರುಕಿನಲ್ಲಿ ಮತ್ತೆ ನೀರು ಇಳಿಯುತ್ತದೆ.

ಇಳಿದ ನೀರು ಜಲ್ಲಿಗೂ ಡಾಂಬರಿಗೂ ನಡುವೆ ಸೇರಿ ಅವೆರಡರ ಅಂಟನ್ನು ಬಿಡಿಸುತ್ತದೆ. ಮೇಲೆ ಗಾಲಿ ಹಾಯ್ದಾಗ ಒಳಗಿನ ನೀರು ಒತ್ತಡಕ್ಕೆ ಸಿಕ್ಕಿ ಪಿಚಕಾರಿಯಂತೆ ಚಿಮ್ಮುತ್ತದೆ, ಜೊತೆಗೆ ನುಣುಪು ಮಣ್ಣನ್ನೂ ಹೊರಗೆ ತರುತ್ತದೆ. ಹೀಗೆ ಒಳಗೆ ಪೊಳ್ಳಾದ ಮೇಲೆ ಗುಂಡಿ ಬೀಳುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಆದುದರಿಂದ ರಸ್ತೆಗೆ ಮೇಲಿನಿಂದ ಸುರಿಯುವ ಮಳೆಗಿಂತ ಪಕ್ಕದಲ್ಲಿ ದಿನಗಟ್ಟಲೆ ನಿಲ್ಲುವ ನೀರು ಹೆಚ್ಚು ಅಪಾಯಕಾರಿ.

ನೆರೆಯ ನೀರು ಇಳಿದ ಮೇಲೆ ರಸ್ತೆ ನೋಡುವುದಕ್ಕೆ ಚೆನ್ನಾಗಿಯೇ ಕಾಣಬಹುದು. ಆದರೂ ಅದರ ಬಲ ಕುಂದಿರುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ 2005ರ ಕತ್ರಿನಾ ಚಂಡಮಾರುತದಲ್ಲಿ ವಾರಗಟ್ಟಲೆ ಮುಳುಗಿತ್ತು. ಅನಂತರ ಅಲ್ಲಿಯ ರಸ್ತೆಗಳನ್ನು ಪರೀಕ್ಷಿಸಿದಾಗ, ಮುಳುಗಿದ್ದ ಡಾಂಬರು ರಸ್ತೆಗಳು ಸುಮಾರು 5 ಸೆಂ.ಮೀ. ದಪ್ಪದ ಡಾಂಬರು ಪದರವನ್ನೇ ತೆಗೆದುಹಾಕಿದಷ್ಟು ಬಲ ಕಳೆದುಕೊಂಡಿದ್ದುದು ಕಂಡುಬಂತು. ಕಾಂಕ್ರೀಟು ರಸ್ತೆಗಳಿಗೆ ಆದ ಹಾನಿ ಬಲು ಕಡಿಮೆ. ನಮ್ಮ ಹಳ್ಳಿಯ ಅನೇಕ ರಸ್ತೆಗಳ ಮೇಲಿರುವ ಡಾಂಬರಿನ ಹೊದಿಕೆ 5 ಸೆಂ.ಮೀ. ಕೂಡ ಇರುವುದಿಲ್ಲವೆಂಬುದನ್ನು ನೆನೆದರೆ ವಿಷಯದ ಗಂಭೀರತೆ ಅರಿವಾಗುತ್ತದೆ.

ರೈಲು ಹಳಿಯ ಪಾಡು

ರೈಲು ಹಳಿಯ ಕಥೆಯೂ ಬೇರೆಯಲ್ಲ. ಸ್ಲೀಪರುಗಳ ಕೆಳಗೆ ಸುಮಾರು 25ರಿಂದ 30 ಸೆಂ.ಮೀ. ದಪ್ಪಕ್ಕೆ ಹಾಸಿರುವ ಜಲ್ಲಿ ಎರಡು ಕೆಲಸ ಮಾಡುತ್ತದೆ: ಗಾಡಿಯ ಭಾರವನ್ನು ಹರಡುವುದು, ನೀರನ್ನು ಬಸಿಯುವುದು. ಕೆಳಗಿನ ಮಣ್ಣು ನೆನೆದು ಕೆಸರಾದರೆ ಗಾಡಿ ಹಾಯ್ದಂತೆಲ್ಲ ಆ ಕೆಸರು ಜಲ್ಲಿಯ ಸಂದಿಗೆ ಏರುತ್ತದೆ. ಸಂದಿ ಮುಚ್ಚಿದ ಜಲ್ಲಿ ನೀರು ಬಸಿಯದು. ಹಳಿ ಅಲ್ಲಲ್ಲಿ ಕುಸಿದು ಗಾಡಿಯ ವೇಗವನ್ನು ತಗ್ಗಿಸಬೇಕಾಗುತ್ತದೆ. ನೀರು ಏರಿಯನ್ನೇ ದಾಟಿ ಹರಿದರಂತೂ ಜಲ್ಲಿ ಕೊಚ್ಚಿಹೋಗಿ, ಹಳಿಗಳು ಸ್ಲೀಪರುಗಳ ಸಮೇತ ತೂಗುತೊಟ್ಟಿಲಿನಂತೆ ನೇತಾಡುತ್ತವೆ. ನೆರೆಯ ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಯ ಕೇಸಮುದ್ರಂ ಬಳಿ 2024ರ ಸೆಪ್ಟೆಂಬರ್ 1ರಂದು ಆದದ್ದು ಇದೇ. ಉತ್ತರ–ದಕ್ಷಿಣವನ್ನು ಜೋಡಿಸುವ ಮುಖ್ಯ ಮಾರ್ಗ ಅದರಿಂದ ಕೆಲವು ದಿನ ಕಡಿದುಹೋಯಿತು.

ಇನ್ನೂ ಹಿಂದಿನ ಪಾಠಗಳಿವೆ. 1956ರ ನವೆಂಬರ್ 23ರಂದು ತಮಿಳುನಾಡಿನ ಅರಿಯಲೂರಿನ ಬಳಿ ಪ್ರವಾಹಕ್ಕೆ ಸೇತುವೆ ಕೊಚ್ಚಿಹೋಗಿ ರೈಲು ನದಿಗೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಆಗಿನ ರೈಲ್ವೆ ಸಚಿವರಾದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. 2005ರ ಅಕ್ಟೋಬರ್ 29ರಂದು ನಲ್ಗೊಂಡ ಜಿಲ್ಲೆಯ ವಲಿಗೊಂಡದ ಬಳಿ ಒಂದು ಸಣ್ಣ ಸೇತುವೆ ನೀರಿನ ರಭಸಕ್ಕೆ ಕಿತ್ತುಹೋಗಿ ಮತ್ತೆ ನೂರಕ್ಕೂ ಹೆಚ್ಚು ಜೀವಗಳು ಹೋದವು. ಇಂಥ ದುರಂತಕ್ಕೆ ದೊಡ್ಡ ನದಿಯೇ ಬೇಕೆಂದಿಲ್ಲ. ಒಂದು ರಾತ್ರಿಯ ಮಳೆಗೆ ಉಕ್ಕುವ ಹಳ್ಳವೇ ಸಾಕು.

ಈ ಕಾರಣದಿಂದಲೇ ರೈಲ್ವೆಯವರು ಹಳಿಯ ಮೇಲುಭಾಗದಲ್ಲಿರುವ ಕೆರೆಗಳ ಪಟ್ಟಿಯನ್ನು ಬಹು ಹಿಂದಿನಿಂದಲೂ ಇಟ್ಟುಕೊಂಡು, ಮಳೆಗಾಲಕ್ಕೆ ಮುಂಚೆ ರಾಜ್ಯ ಸರಕಾರದ ಅಧಿಕಾರಿಗಳೊಂದಿಗೆ ಜಂಟಿಯಾಗಿ ಅವುಗಳ ತಪಾಸಣೆ ಮಾಡುವ ಪದ್ಧತಿಯಿದೆ. ಕೆರೆ ಒಡೆದರೆ ಹಳಿ ಉಳಿಯುವುದಿಲ್ಲವೆಂಬ ಅರಿವೇ ಇದಕ್ಕೆ ಆಧಾರ. ಆದುದರಿಂದ ನಿಮ್ಮೂರ ಕೆರೆಯ ಏರಿಯ ಮೇಲೆ ಬೆಳೆದ ಜಾಲಿಯನ್ನು ಕಡಿಯುವುದು, ಕೋಡಿಗೆ ಅಡ್ಡವಾಗಿ ಕಲ್ಲುಮಣ್ಣು ಪೇರಿಸದಿರುವುದು ಊರಿನ ಕೆಲಸ ಮಾತ್ರವಲ್ಲ. ಕೆಳಗೆ ಹಾಯುವ ರೈಲಿನಲ್ಲಿ ಕುಳಿತವರ ಪ್ರಾಣವನ್ನು ಕಾಯುವ ಕೆಲಸ.

ಎತ್ತರಿಸಿದರೆ ಆಗುವುದೇನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಯಲಿನಲ್ಲಿ ನೀರು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ತೆಳುವಾಗಿ ಹರಡಿ ಹರಿಯುತ್ತದೆ. ಅದಕ್ಕೆ ಅಡ್ಡಲಾಗಿ ಒಂದು ಮೀಟರು ಎತ್ತರದ ರಸ್ತೆ ಕಟ್ಟಿ, ಮೋರಿಯನ್ನು ಮೊದಲಿನಷ್ಟೇ ಬಿಟ್ಟರೆ ಏನಾಗುತ್ತದೆ? ಮೇಲಿನ ಹೊಲದಲ್ಲಿ ನೀರು ಕಟ್ಟಿ ನಿಲ್ಲುತ್ತದೆ. ತೊಗರಿ, ಹತ್ತಿ, ಮೆಣಸಿನಕಾಯಿಯಂಥ ಬೆಳೆಗಳ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ನೀರು ಇನ್ನೂ ಏರಿ ರಸ್ತೆಯ ತಲೆಯನ್ನು ದಾಟಿದಾಗ ಕೆಳಮಗ್ಗುಲಿಗೆ ಒಂದು ಮೀಟರು ಎತ್ತರದಿಂದ ಧುಮುಕುತ್ತದೆ. ಧುಮುಕಿದ ನೀರು ಆ ಮಗ್ಗುಲಿನ ಮಣ್ಣನ್ನು ಬುಡದಿಂದ ಕೊರೆಯುತ್ತಾ ಹಿಂದಕ್ಕೆ ಸರಿದು, ಡಾಂಬರಿನ ಕೆಳಗೆ ಪೊಟರೆ ಮಾಡಿ ರಸ್ತೆಯನ್ನು ತುಂಡರಿಸುತ್ತದೆ. ರಸ್ತೆ ಎತ್ತರವಾದಷ್ಟೂ ಈ ಧುಮುಕು ಹೆಚ್ಚು. ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುವುದೆಂಬುದು ಜಲಶಾಸ್ತ್ರದ ಹಳೆಯ ಲೆಕ್ಕ.

ನೆರೆ ಇಳಿಯುವಾಗಲೂ ಅಪಾಯ ತಪ್ಪಿದ್ದಲ್ಲ. ಹೊರಗಿನ ನೀರು ಬೇಗ ಇಳಿದರೂ ಏರಿಯ ಒಳಗೆ ಸೇರಿದ ನೀರು ನಿಧಾನವಾಗಿ ಹೊರಬರುತ್ತದೆ. ಆಸರೆಯಾಗಿದ್ದ ಹೊರಗಿನ ನೀರು ಇಲ್ಲವಾಗಿ, ಒಳಗಿನ ನೀರು ಹೊರಕ್ಕೆ ಒತ್ತಿ, ಎತ್ತರದ ಇಳಿಜಾರು ಜಾರಿ ಬೀಳುತ್ತದೆ. ಎರಡು ದಿನ ನೆರೆಯನ್ನು ತಡೆದು ನಿಂತ ರಸ್ತೆ ಮೂರನೆಯ ದಿನ ಬಿಸಿಲಿನಲ್ಲಿ ಕುಸಿಯುವುದು ಹೀಗೆ.

ಎತ್ತರವೇ ಬೇಡವೆಂದು ಇಲ್ಲಿ ವಾದಿಸುತ್ತಿಲ್ಲ. ಗದ್ದೆ ಬಯಲಿನಲ್ಲಿ ರಸ್ತೆಯ ತಳ ಕಟ್ಟಿದ ನೀರಿನ ಮಟ್ಟಕ್ಕಿಂತ ಕನಿಷ್ಠ 60 ಸೆಂ.ಮೀ. ಮೇಲಿರಬೇಕೆಂದು ಎಂಜಿನಿಯರರು ಹೇಳುವುದು ಸರಿಯಾಗಿಯೇ ಇದೆ. ಆಸ್ಪತ್ರೆಗೆ ಹೋಗುವ ಏಕೈಕ ದಾರಿ ಮುಳುಗುತ್ತಿದ್ದರೆ ಅಲ್ಲಿ ಎತ್ತರದ ಸೇತುವೆಯೇ ಬೇಕು. ಆದರೆ ಎತ್ತರಿಸಿದ ಪ್ರತಿ ರಸ್ತೆಗೂ ಅದಕ್ಕೆ ತಕ್ಕ ಕಿಂಡಿಗಳಿರಬೇಕು. ಕಿಂಡಿಗೆ ಹಣವಿಲ್ಲವೆಂದರೆ ಎತ್ತರವೂ ಬೇಡ. ವರ್ಷಕ್ಕೆ ಒಂದೆರಡು ದಿನ ಮಾತ್ರ ನೀರು ಹಾಯುವ ಹಳ್ಳಕ್ಕೆ, ನೆಲಮಟ್ಟದಲ್ಲಿಯೇ ಕಾಂಕ್ರೀಟಿನ ಹಾಸು ಹಾಕಿ, ಎರಡೂ ಅಂಚಿಗೆ ಕಲ್ಲು ಕಟ್ಟಿ, ನೀರಿನ ಆಳ ತೋರಿಸುವ ಕಂಬ ನೆಟ್ಟ ಮುಳುಗು ಸೇತುವೆ ಎಷ್ಟೋ ಮೇಲು. ನೀರು ಅದರ ಮೇಲೆ ಹಾಯ್ದು ಹೋಗುತ್ತದೆ. ಮರುದಿನ ರಸ್ತೆ ಇದ್ದಲ್ಲಿಯೇ ಇರುತ್ತದೆ. ಆ ಒಂದು ದಿನ ಕಾಯುವ ತಾಳ್ಮೆ ಮಾತ್ರ ನಮಗಿರಬೇಕು. ಎರಡು ಅಡಿ ಆಳದಲ್ಲಿ ಹರಿಯುವ ನೀರು ಹೆಚ್ಚಿನ ವಾಹನಗಳನ್ನು ತೇಲಿಸಿಕೊಂಡು ಹೋಗಬಲ್ಲದು. ಹಾಯುವ ನೀರಿಗೆ ಟ್ರ್ಯಾಕ್ಟರು ಇಳಿಸುವುದು ಸಾಹಸವಲ್ಲ, ಅವಿವೇಕ.

ಮೋರಿಯ ಲೆಕ್ಕ

ಮೋರಿ ಎಷ್ಟಿರಬೇಕೆಂಬುದನ್ನು ನೀವೇ ಸ್ಥೂಲವಾಗಿ ಅಂದಾಜು ಮಾಡಬಹುದು. ಒಂದು ಎಕರೆಯ ಮೇಲೆ 1 ಸೆಂ.ಮೀ. ಮಳೆ ಬಿದ್ದರೆ ಸುಮಾರು 40,000 ಲೀಟರು ನೀರಾಗುತ್ತದೆ. ರಸ್ತೆಯ ಮೇಲುಭಾಗದಲ್ಲಿ 100 ಎಕರೆ ಹೊಲವಿದ್ದು 5 ಸೆಂ.ಮೀ. ಮಳೆ ಬಿದ್ದು, ಅದರಲ್ಲಿ ಅರ್ಧ ಇಂಗಿ ಅರ್ಧ ಹರಿದರೆ, ರಸ್ತೆಯನ್ನು ದಾಟಬೇಕಾದ ನೀರು ಒಂದು ಕೋಟಿ ಲೀಟರು. ಇದು ಒಂದು ಗಂಟೆಯಲ್ಲಿ ಹರಿದು ಬಂದರೆ ಸೆಕೆಂಡಿಗೆ ಸುಮಾರು 2,800 ಲೀಟರು. ನಮ್ಮಲ್ಲಿ ಹೆಚ್ಚಾಗಿ ಕಾಣುವ 60 ಸೆಂ.ಮೀ. ವ್ಯಾಸದ ಸಿಮೆಂಟು ಕೊಳವೆ, ಸೆಕೆಂಡಿಗೆ 2 ಮೀಟರು ವೇಗದಲ್ಲಿ ತುಂಬಿ ಹರಿದರೂ ಸಾಗಿಸುವುದು 560 ಲೀಟರನ್ನು, ಅಂದರೆ ಬಂದ ನೀರಿನ ಐದರಲ್ಲಿ ಒಂದು ಪಾಲನ್ನು. ಅದರಲ್ಲಿ ಅರ್ಧ ಹೂಳು ತುಂಬಿದ್ದರೆ ಹತ್ತರಲ್ಲಿ ಒಂದು ಪಾಲು. ಉಳಿದ ನೀರು ಎಲ್ಲಿ ನಿಲ್ಲಬೇಕು? ನಿಮ್ಮ ಹೊಲದಲ್ಲಿ, ಇಲ್ಲವೇ ರಸ್ತೆಯ ತಲೆಯ ಮೇಲೆ.

ನಮ್ಮ ಕೈಯಲ್ಲಿರುವ ಕೆಲಸ

ಇಷ್ಟು ಹೇಳಿದ ಮೇಲೆ ಕಟುವಾದ ಮಾತೊಂದನ್ನು ಹೇಳಲೇಬೇಕಾಗಿದೆ. ಮೋರಿ ಸಣ್ಣದಾಗಿ ಕಟ್ಟಿದವರ ತಪ್ಪು ಒಂದು ಕಡೆಯಾದರೆ, ಇದ್ದ ಮೋರಿಯನ್ನು ಮುಚ್ಚಿದವರ ತಪ್ಪು ಇನ್ನೊಂದು ಕಡೆ. ರಸ್ತೆಯ ಪಕ್ಕದ ಚರಂಡಿಯನ್ನು ವರ್ಷಕ್ಕೆ ಒಂದು ಸಾಲಿನಂತೆ ಉತ್ತು ಹೊಲಕ್ಕೆ ಸೇರಿಸಿಕೊಳ್ಳುವುದು, ಹೊಲಕ್ಕೆ ಗಾಡಿ ಇಳಿಸಲು ಕೊಳವೆಯಿಡದೆ ಚರಂಡಿಗೆ ಮಣ್ಣು ತುಂಬುವುದು, ಮೇಲಿನವನ ನೀರು ನನ್ನ ಹೊಲಕ್ಕೆ ಬರಬಾರದೆಂದು ಮೋರಿಯ ಬಾಯಿಗೆ ಕಲ್ಲು ಜೋಡಿಸುವುದು, ಪೈಪು ದಾಟಿಸಲು ಡಾಂಬರು ರಸ್ತೆಯನ್ನು ಅಡ್ಡಡ್ಡ ಕತ್ತರಿಸಿ ಮಣ್ಣು ಮುಚ್ಚಿ ಹೋಗುವುದು, ರಸ್ತೆಯ ಇಳಿಜಾರಿನ ಮಣ್ಣನ್ನು ತೆಗೆದು ಕಣಕ್ಕೆ ಹಾಕುವುದು ಇವೆಲ್ಲ ನಡೆಯುತ್ತಿರುವುದು ನಮ್ಮ ಊರುಗಳಲ್ಲಿಯೇ. ಹೀಗೆ ದೊರಕುವ ನೆಲ ಒಂದೆರಡು ಗುಂಟೆ. ಅದರಿಂದ ಮುಳುಗುವುದು ಹತ್ತಾರು ಎಕರೆ.

"ನನ್ನ ಹೊಲ ನನ್ನದು, ಪರರ ನೀರು ಇಲ್ಲೇಕೆ ಹಾಯಬೇಕು?" ಎಂದು ಕೇಳುವವರಿದ್ದಾರೆ. ಹಳ್ಳವಿದ್ದ ಕಡೆ ನೀರು ಹರಿಯುವುದು. ಅದಕ್ಕೆ ಪಹಣಿಯ ಗಡಿ ಗೊತ್ತಿಲ್ಲ. ಹಾಯುವ ಜಾಗವನ್ನು ಗುರುತಿಸಿ, ಹುಲ್ಲು ಬೆಳೆಸಿ, ಕಾಲುವೆ ಮಾಡಿಕೊಟ್ಟರೆ ಅದು ಒಂದು ಪಟ್ಟಿಯಲ್ಲಿ ಹಾಯುತ್ತದೆ. ತಡೆದರೆ ಇಡೀ ಹೊಲವನ್ನೇ ಕೊರೆಯುತ್ತದೆ.

ಆದುದರಿಂದ ರೈತರು ಕೆಳಗಿನ ಕ್ರಮಗಳನ್ನು ಅನುಸರಿಸುವುದು ಅವಶ್ಯ.

1. ಪ್ರತಿ ವರ್ಷ ಮುಂಗಾರಿಗೆ ಮುಂಚೆ, ಮೇ ತಿಂಗಳಿನಲ್ಲಿ, ನಿಮ್ಮ ಹೊಲಕ್ಕೆ ಹೊಂದಿದ ಚರಂಡಿ ಮತ್ತು ಮೋರಿಯ ಹೂಳನ್ನು ತೆಗೆಯಿರಿ. ತೆಗೆದ ಹೂಳನ್ನು ರಸ್ತೆಯ ಅಂಚಿಗೆ ಹಾಕದೆ ಹೊಲಕ್ಕೆ ಹಾಕಿರಿ. ಅದು ನಿಮ್ಮದೇ ಮೇಲ್ಮಣ್ಣು.

2. ಹೊಲಕ್ಕೆ ಗಾಡಿದಾರಿ ಮಾಡುವಾಗ ಚರಂಡಿಯ ಅಗಲಕ್ಕೆ ತಕ್ಕ ಕೊಳವೆಯಿಟ್ಟು ಅದರ ಮೇಲೆ ಮಣ್ಣು ಹಾಕಿರಿ.

3. ರಸ್ತೆಯ ಇಳಿಜಾರಿನಲ್ಲಿ ಹುಲ್ಲು ಉಳಿಸಿರಿ. ಲಾವಂಚ ಇದಕ್ಕೆ ಬಹು ಯೋಗ್ಯ. ಇದರ ಬೇರು ನೆಟ್ಟಗೆ ಕೆಳಕ್ಕಿಳಿದು 3 ಮೀಟರಿನವರೆಗೂ ಹೋಗಿ ಮಣ್ಣನ್ನು ಹಿಡಿಯುತ್ತದೆ. ಅಕ್ಕಪಕ್ಕಕ್ಕೆ ಹರಡಿ ಕಳೆಯಾಗುವುದಿಲ್ಲ. ಗುಂಡ್ಲುಪೇಟೆ ಭಾಗದ ರೈತರು ಹೊಲದ ಬದುಗಳಿಗೆ ಲಾವಂಚ ನೆಡುವ ರೂಢಿಯನ್ನು ತಲೆಮಾರುಗಳಿಂದ ಇಟ್ಟುಕೊಂಡಿದ್ದಾರೆ. ಅದೇ ಹುಲ್ಲು ರಸ್ತೆಯ ಇಳಿಜಾರನ್ನೂ ಕಾಯಬಲ್ಲದು.

4. ಹೊಲದಲ್ಲಿಯೇ ಸಮಪಾತಳಿ ಬದು, ಕೃಷಿ ಹೊಂಡಗಳನ್ನು ಮಾಡಿ ನೀರನ್ನು ತಡೆಯಿರಿ. ಹೊಲದಲ್ಲಿ ಇಂಗಿದ ನೀರು ಬೆಳೆಗೆ ದಕ್ಕಿತು. ಮೋರಿಯ ಹೊರೆಯೂ ಅಷ್ಟು ಇಳಿಯಿತು.

5. ನೆರೆ ಇಳಿದ ಮೇಲೆ ಒಂದು ವಾರವಾದರೂ ಭಾರದ ಗಾಡಿಗಳನ್ನು ರಸ್ತೆಗೆ ಬಿಡಬೇಡಿರಿ. ಗಾಲಿಯ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಇಮ್ಮಡಿಯಲ್ಲ, ಸುಮಾರು 16 ಪಟ್ಟು ಎಂದು ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದುಬಂದಿದೆ. ಒಣಗಿದ ರಸ್ತೆಯ ಲೆಕ್ಕವೇ ಇದಾದರೆ, ನೆನೆದ ರಸ್ತೆಯ ಮೇಲೆ ಎರಡು ಟ್ರೇಲರು ಕಬ್ಬು ಎಳೆದರೆ ಆಗುವುದನ್ನು ನೀವೇ ಊಹಿಸಿರಿ. ತುರ್ತಿದ್ದಲ್ಲಿ ಅರ್ಧ ಹೊರೆ ಹೇರಿ ಎರಡು ಸಲ ಹೋಗಿರಿ.

ಮಲೆನಾಡಿನಲ್ಲಿ ಚಿತ್ರ ಸ್ವಲ್ಪ ಬೇರೆ. ಅಲ್ಲಿ ಆತಂಕ ರಸ್ತೆಯ ಕೆಳಗಿನಿಂದಲ್ಲ, ಕಡಿದ ಗುಡ್ಡದ ಮೇಲಿನಿಂದ. 2018ರ ಆಗಸ್ಟ್‌ನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲು ಮಾರ್ಗದ ಮೇಲೆ ಹಲವು ಕಡೆ ಗುಡ್ಡ ಕುಸಿದು ವಾರಗಟ್ಟಲೆ ಗಾಡಿಗಳು ನಿಂತವು. 2024ರ ಜುಲೈ 26ರಂದು ಅದೇ ಮಾರ್ಗದ ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಕುಸಿತವಾಯಿತು. ಅದಕ್ಕೆ ಹತ್ತು ದಿನ ಮೊದಲು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಜರಿದು ಜೀವಹಾನಿಯಾಯಿತು. ಕಡಿದ ಗುಡ್ಡದ ನೆತ್ತಿಯಲ್ಲಿ ನೀರು ಇಂಗಲು ಬಿಡುವುದು ಅಪಾಯ. ರಸ್ತೆ ಅಥವಾ ಹಳಿಯ ಮೇಲ್ಗಡೆ ತೋಟವಿರುವವರು ಅಲ್ಲಿ ಇಂಗುಗುಂಡಿ ತೋಡದೆ, ನೀರನ್ನು ಕಲ್ಲುಕಟ್ಟಿದ ಕಾಲುವೆಯಿಂದ ಸಹಜ ಹಳ್ಳಕ್ಕೆ ಸಾಗಿಸಬೇಕು. ಬಯಲುಸೀಮೆಗೆ ಹೇಳಿದ ಸಲಹೆ ಎಲ್ಲ ಕಡೆಗೂ ಸಲ್ಲದು.

ಸರಕಾರವನ್ನು ಕೇಳಬೇಕಾದದ್ದು

ರೈತರ ತಪ್ಪನ್ನು ಹೇಳಿದ ಮಾತ್ರಕ್ಕೆ ಕಟ್ಟುವವರ ಹೊಣೆ ಕಡಿಮೆಯಾಗುವುದಿಲ್ಲ. ಅಂದಾಜು ಪಟ್ಟಿಯಲ್ಲಿ ಚರಂಡಿ ಕೊನೆಯ ಬಾಬಾಗಿದ್ದು, ಹಣ ಸಾಲದೆ ಬಂದಾಗ ಮೊದಲು ಬಿಟ್ಟುಹೋಗುವುದೂ ಅದೇ. ಕೆಟ್ಟ ರಸ್ತೆಯನ್ನು ಅಗೆಯದೆ ಪದರದ ಮೇಲೆ ಪದರ ಹಾಕುತ್ತಾ ಹೋಗಿ, ಮನೆಯ ಅಂಗಳಕ್ಕಿಂತ ರಸ್ತೆಯೇ ಎತ್ತರವಾಗಿರುವ ಊರುಗಳು ಕಡಿಮೆಯಿಲ್ಲ. ಮಳೆಯ ವರ್ತನೆಯೂ ಬದಲಾಗುತ್ತಿದೆ. ಒಂದು ವಾರದಲ್ಲಿ ಬರಬೇಕಾದದ್ದು ಒಂದೇ ರಾತ್ರಿ ಸುರಿಯುವುದು ಹೆಚ್ಚುತ್ತಿದೆ. ಹಳೆಯ ಮಳೆಯ ಲೆಕ್ಕದ ಮೋರಿಗಳು ಇನ್ನು ಸಾಲವು.

ಆದುದರಿಂದ ಗ್ರಾಮ ಸಭೆಯಲ್ಲಿ ಮೂರು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿರಿ. ಈ ರಸ್ತೆಯ ಮೇಲುಭಾಗದಲ್ಲಿ ಎಷ್ಟು ಎಕರೆಯ ನೀರು ಬರುತ್ತದೆ, ಅದಕ್ಕೆ ಎಷ್ಟು ಕಿಂಡಿಗಳಿವೆ? ಎರಡೂ ಪಕ್ಕಕ್ಕೆ ಚರಂಡಿ ಇದೆಯೇ, ಅದು ಯಾವ ಹಳ್ಳಕ್ಕೆ ಸೇರುತ್ತದೆ? ರಸ್ತೆಯ ನಿರ್ವಹಣೆ ಯಾರದು, ಎಷ್ಟು ವರ್ಷ? 2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಕಟ್ಟಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕೆಂಬ ಕರಾರಿದೆ. ಡಾಂಬರು ಹಾಕುವಾಗ ಒಂದು ದಾರ ಹಿಡಿದು ನೋಡಿರಿ: 3.75 ಮೀಟರು ಅಗಲದ ರಸ್ತೆಯಲ್ಲಿ ನಡುಭಾಗ ಅಂಚಿಗಿಂತ ಸುಮಾರು 5 ಸೆಂ.ಮೀ. ಎತ್ತರವಿದ್ದರೆ ಮಳೆಯ ನೀರು ನಿಲ್ಲದೆ ಇಳಿಯುತ್ತದೆ. ಇದನ್ನು ನೋಡಲು ಎಂಜಿನಿಯರೇ ಆಗಬೇಕಿಲ್ಲ.

ಹೊಲದಲ್ಲಿ ಬಸಿಗಾಲುವೆ ಇಲ್ಲದೆ ಒಳ್ಳೆಯ ಬೆಳೆ ಬಾರದೆಂಬುದನ್ನು ನೀವು ಬಲ್ಲಿರಿ. ರಸ್ತೆಗೂ ಹಳಿಗೂ ಅದೇ ನಿಯಮ. ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ರಸ್ತೆ ಕೊಚ್ಚಿಹೋದ ಮೇಲೆ ಮನವಿ ಬರೆಯುವುದರಿಂದ ಫಲವಿಲ್ಲ. ಈ ಮುಂಗಾರಿಗೆ ಮುಂಚೆ ಬೀಜ ಗೊಬ್ಬರಗಳನ್ನು ಹೊಂದಿಸಿಕೊಳ್ಳುವಾಗ ಒಂದು ದಿನವನ್ನು ನಿಮ್ಮೂರ ಮೋರಿಗಳಿಗೆ ಮೀಸಲಿಡಿರಿ. ಹತ್ತು ಜನ, ಹತ್ತು ಸಲಿಕೆ, ಒಂದು ದಿನ. ಸುಗ್ಗಿಯಲ್ಲಿ ನಿಮ್ಮ ಬೆಳೆ ಪೇಟೆಗೆ ಹೋಗುವ ದಾರಿಯನ್ನು ಆ ಒಂದು ದಿನದ ಕೆಲಸ ಕಾಯಬಲ್ಲದು.